ದುಡ್ಡಿಲ್ಲದ ದೆವ್ವದ ಸಿನಿಮಾ ಯಾಕೆ ಜಾಸ್ತಿ ಹೆದರಿಸತ್ತೆ

ಪ್ಯಾರಾನಾರ್ಮಲ್ ಆಕ್ಟಿವಿಟಿ ಸಿನಿಮಾನ ಓರೆನ್ ಪೆಲಿ ಸುಮಾರು 15 ಸಾವಿರ ಡಾಲರ್‌ನಲ್ಲಿ, ಸ್ಯಾನ್ ಡಿಯಾಗೋದಲ್ಲಿದ್ದ ತಮ್ಮ ಸ್ವಂತ ಮನೇಲೇ, ಒಂದು ವಾರದಲ್ಲಿ ಶೂಟ್ ಮಾಡಿ ಮುಗಿಸಿದ್ರು, ಆಮೇಲೆ ಅದು ಪ್ರಪಂಚದಾದ್ಯಂತ 19 ಕೋಟಿ ಡಾಲರ್‌ಗೂ ಮೇಲೆ ಕಲೆಕ್ಷನ್ ಮಾಡ್ತು. ಲೋ ಬಜೆಟ್ ಹಾರರ್ ವಿಷಯ ಬಂದಾಗೆಲ್ಲ ಜನ ಇದೇ ಲೆಕ್ಕ ಹೇಳ್ತಾರೆ, ಕೇಳಿದವರು ಲಾಟರಿ ಹೊಡೀತು ಅಂತಾರೆ, ಮಾತು ಅಲ್ಲಿಗೆ ಮುಗಿಯತ್ತೆ. ಆ ಲೆಕ್ಕದ ಒಳಗೇನಿದೆ ಅಂತ ಮುಂದೆ ಬರ್ತೀನಿ. ಮೊದಲು ನನ್ನನ್ನ ವರ್ಷಗಟ್ಟಲೆ ಕಾಡಿದ ಪ್ರಶ್ನೆ: ಇದೇ 15 ಸಾವಿರ ಡಾಲರ್‌ನಲ್ಲಿ ಒಂದು ಯುದ್ಧದ ಸಿನಿಮಾನೋ ಪೌರಾಣಿಕ ಸಿನಿಮಾನೋ ತೆಗೆದ್ರೆ ಹತ್ತು ನಿಮಿಷ ಕೂತು ನೋಡೋಕಾಗಲ್ಲ, ದುಡ್ಡಿಲ್ಲ ಅನ್ನೋದು ಪ್ರತಿ ಫ್ರೇಮಲ್ಲೂ ಕಣ್ಣಿಗೆ ರಾಚತ್ತೆ, ಹಂಗಿದ್ರೆ ಹಾರರ್‌ಗೆ ಮಾತ್ರ ಯಾಕೆ ಇದು ಒಗ್ಗತ್ತೆ?

ನನ್ನ ಉತ್ತರ ಇದು. ಭಯ ಹುಟ್ಟೋದು ದೆವ್ವ ಕಾಣಿಸೋಕೆ ಮುಂಚೆ. ಕಂಡ ಮೇಲೆ ನೋಡೋನ ತಲೆ ಅಳೆಯೋಕೆ ಶುರು ಮಾಡತ್ತೆ, ಮೇಕಪ್ ಹೆಂಗಿದೆ, ಗ್ರಾಫಿಕ್ಸ್ ಹೆಂಗಿದೆ, ಎಷ್ಟು ಎತ್ತರ ಇದೆ ಅಂತ, ಅಳೆಯೋಕೆ ಸಿಕ್ಕಿದ್ದು ಆಗಲೇ ಅರ್ಧ ಭಯ ಕಳ್ಕೊಂಡಿರತ್ತೆ. ದುಡ್ಡಿರೋನು ತೋರಿಸ್ತಾನೆ, ಯಾಕಂದ್ರೆ ದುಡ್ಡು ಹಾಕಿರೋದೇ ತೋರಿಸೋಕೆ, ನಿರ್ಮಾಪಕರೂ ಅದನ್ನೇ ಕೇಳ್ತಾರೆ. ದುಡ್ಡಿಲ್ಲದೋನಿಗೆ ಪ್ರತಿ ಸೀನಲ್ಲೂ ಏನನ್ನ ತೋರಿಸಬಾರದು ಅಂತ ತೀರ್ಮಾನ ಮಾಡ್ಲೇಬೇಕಾಗತ್ತೆ, ಆ ತೀರ್ಮಾನಗಳೇ ಹಾರರ್‌ನ ಕಸುಬು. ಮಿಕ್ಕಿದ್ದನ್ನ ನೋಡೋನೇ ತನ್ನ ಮನಸ್ಸಲ್ಲಿ ಕಟ್ಕೋತಾನೆ, ಅದೂ ಅವನವನಿಗೆ ಯಾವುದು ಜಾಸ್ತಿ ಭಯಾನೋ ಅದನ್ನೇ ಕಟ್ಕೋತಾನೆ. ಇದು ಬರೀ ಥಿಯರಿ ಅಲ್ಲ, ಒಂದೊಂದು ಸಿನಿಮಾ ಬಿಡಿಸಿ ನೋಡಿದ್ರೆ ಯಾವ ಕೊರತೆಯಿಂದ ಯಾವ ಹೆದರಿಕೆ ಹುಟ್ತು ಅಂತ ಬೆರಳಿಟ್ಟು ತೋರಿಸಬಹುದು.

1968ರ ನೈಟ್ ಆಫ್ ದ ಲಿವಿಂಗ್ ಡೆಡ್ ತಗೊಳ್ಳಿ. ಜಾರ್ಜ್ ರೊಮೆರೊ ಮತ್ತೆ ಅವರ ಗೆಳೆಯರು ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಫಿಲ್ಮ್ ಮಾಡ್ಕೊಂಡಿದ್ದವರು, ಹತ್ತು ಜನ ಸೇರಿ ಆಳಿಗೆ 600 ಡಾಲರ್ ಹಾಕಿ ಕಂಪನಿ ಶುರು ಮಾಡಿದ್ರು, ಕೊನೆಗೆ ಆದ ಖರ್ಚು ಸುಮಾರು 1,14,000 ಡಾಲರ್. ಕಲರ್‌ಗೆ ದುಡ್ಡು ಸಾಲಲಿಲ್ಲ, ಕಪ್ಪು ಬಿಳುಪಲ್ಲಿ ತೆಗೆದ್ರು, ಅದರಿಂದ ಏನಾಯ್ತು ಅಂದ್ರೆ ಇಡೀ ಸಿನಿಮಾಗೆ ಆ ಕಾಲದ ಟಿವಿ ನ್ಯೂಸ್‌ನ ಕಳೆ ಬಂತು. ರಕ್ತಕ್ಕೆ ಚಾಕ್ಲೇಟ್ ಸಿರಪ್, ಕಪ್ಪು ಬಿಳುಪಲ್ಲಿ ಯಾರಿಗೂ ಗೊತ್ತಾಗಲ್ಲ. ಊರೂರು ತೋರಿಸೋಕಾಗಲ್ಲ, ಅದಕ್ಕೇ ಎಲ್ಲಾರನ್ನೂ ಒಂದು ಹಳೇ ತೋಟದ ಮನೆಯೊಳಗೆ ಹಾಕಿ ಬಾಗಿಲಿಗೆ ಹಲಗೆ ಹೊಡೆಸಿದ್ರು. ಹೊರಗೆ ಸತ್ತವರು ಎದ್ದು ಬರ್ತಿದಾರೆ, ದೇಶ ಪೂರ್ತಿ ಏನಾಗ್ತಿದೆ ಅನ್ನೋದನ್ನ ರೇಡಿಯೋ ಮತ್ತೆ ಟಿವಿ ಹೇಳತ್ತೆ, ನಾವು ನೋಡೋದು ಒಳಗಿರೋ ಕೆಲವೇ ಜನರ ಜಗಳ, ಯಾರ ಮಾತು ಕೇಳಬೇಕು, ಮೇಲಿರಬೇಕಾ ನೆಲಮಾಳಿಗೆಗೆ ಹೋಗಬೇಕಾ ಅಂತ. ಹೊರಗಿರೋ ಹೆಣಗಳಿಗಿಂತ ಒಳಗಿರೋ ಮನುಷ್ಯರೇ ಒಬ್ಬರನ್ನೊಬ್ಬರು ಮುಗಿಸ್ತಾರೆ ಅನ್ನೋ ಕಥೆ ಇವತ್ತು ಪ್ರತಿ ಜಾಂಬಿ ಸೀರೀಸಲ್ಲೂ ಇದೆ, ಅದು ಬಂದಿದ್ದು ಒಂದೇ ಮನೇಲಿ ಶೂಟ್ ಮಾಡಬೇಕಾಗಿದ್ದರಿಂದ ಅಂತ ನಾನು ಬಲವಾಗಿ ನಂಬ್ತೀನಿ.

ಮುಖ್ಯ ಪಾತ್ರಕ್ಕೆ ಡ್ವೇನ್ ಜೋನ್ಸ್ ಅನ್ನೋ ಕಪ್ಪು ಜನಾಂಗದ ನಟನನ್ನ ಹಾಕಿದ್ರು, ಆಡಿಷನ್‌ನಲ್ಲಿ ಅವರೇ ಚೆನ್ನಾಗಿ ಮಾಡಿದ್ರು ಅನ್ನೋ ಕಾರಣಕ್ಕೆ. 1968ರ ಅಮೆರಿಕದಲ್ಲಿ ದೊಡ್ಡ ಸ್ಟುಡಿಯೋ ಆಗಿದ್ರೆ ಈ ಪಾತ್ರಕ್ಕೆ ಇಂಥ ಆಯ್ಕೆ ಆಗ್ತಿತ್ತು ಅಂತ ನನಗನ್ಸಲ್ಲ. ಕೇಳೋರಿಲ್ಲದೆ ಇರೋದೂ ಒಂದು ಸ್ವಾತಂತ್ರ್ಯ, ಆ ಸಿನಿಮಾದ ಕೊನೇ ಐದು ನಿಮಿಷ ನೋಡಿದವರಿಗೆ ಅದರ ಬೆಲೆ ಏನು ಅಂತ ಗೊತ್ತಾಗತ್ತೆ.

ಕೊರತೆಯಿಂದ ಐಡಿಯಾ ಹೆಂಗೆ ಹುಟ್ಟತ್ತೆ ಅನ್ನೋದಕ್ಕೆ ನನಗೆ ಅತಿ ಇಷ್ಟವಾದ ಉದಾಹರಣೆ ಸ್ಯಾಮ್ ರೈಮಿ ಅವರ ಈವಿಲ್ ಡೆಡ್. ರೈಮಿ, ಬ್ರೂಸ್ ಕ್ಯಾಂಬೆಲ್, ರಾಬ್ ಟ್ಯಾಪರ್ಟ್ ಎಲ್ಲಾ ಮಿಶಿಗನ್‌ನ ಹುಡುಗರು, ಇಪ್ಪತ್ತರ ಆಸುಪಾಸು. ಮೊದಲು 1978ರಲ್ಲಿ ವಿದಿನ್ ದ ವುಡ್ಸ್ ಅಂತ ಒಂದು ಸಣ್ಣ ಫಿಲ್ಮ್ ಮಾಡ್ಕೊಂಡು, ಅದನ್ನ ಡಾಕ್ಟರ್‌ಗಳು, ಡೆಂಟಿಸ್ಟ್‌ಗಳು, ಲಾಯರ್‌ಗಳ ಮುಂದೆ ಹಾಕಿ ತೋರಿಸಿ ದುಡ್ಡು ಎತ್ತಿದ್ರು, ನಮ್ಮಲ್ಲಿ ಈಗ ಶಾರ್ಟ್ ಫಿಲ್ಮ್ ಮಾಡಿ ನಿರ್ಮಾಪಕರ ಹತ್ರ ಹೋಗ್ತಾರಲ್ಲ ಅದೇ ದಾರಿ. ಟೆನೆಸೀ ಕಾಡೊಳಗೆ ಒಂದು ಮರದ ಮನೆ, ಚಳಿಗಾಲ, 16 ಎಂಎಂ ಕ್ಯಾಮೆರಾ. ಕಾಡಲ್ಲಿರೋ ದುಷ್ಟಶಕ್ತಿ ಅಟ್ಟಿಸ್ಕೊಂಡು ಬರಬೇಕು ಅಂತ ಸೀನ್ ಬರೆದಿದ್ದಾರೆ, ಆ ಶಕ್ತಿನ ಮಾಡೋಕೆ ದುಡ್ಡಿಲ್ಲ, ಅಲುಗಾಡದೆ ಹಿಂಬಾಲಿಸೋ ಸ್ಟೆಡಿಕ್ಯಾಮ್‌ಗೂ ದುಡ್ಡಿಲ್ಲ. ಒಂದು ಉದ್ದ ಮರದ ಹಲಗೆ ಮಧ್ಯಕ್ಕೆ ಕ್ಯಾಮೆರಾ ಬಿಗಿದು ಎರಡೂ ತುದಿನ ಇಬ್ಬರು ಹಿಡ್ಕೊಂಡು ನೆಲಕ್ಕೆ ಹತ್ತಿರವಾಗಿ ಕಾಡಲ್ಲಿ ಓಡಿದ್ರು. ತೆರೆ ಮೇಲೆ ದೆವ್ವ ಇಲ್ಲ, ದೆವ್ವದ ಕಣ್ಣು ಮಾತ್ರ ಇದೆ, ಆ ಕಣ್ಣೊಳಗೆ ನಾವೇ ಕೂತು ಆ ಹುಡುಗರ ಕಡೆ ಓಡ್ತಾ ಇದೀವಿ. ಇದಕ್ಕೆ ಎಷ್ಟು ಕೋಟಿ ಸುರಿದು ಗ್ರಾಫಿಕ್ಸ್ ಮಾಡಿದ್ರೂ ಸಮ ಬರಲ್ಲ ಅಂತ ನಾನು ಯಾರ ಹತ್ರ ಬೇಕಾದ್ರೂ ವಾದ ಮಾಡ್ತೀನಿ.

ಹ್ಯಾಲೋವೀನ್ (1978) ವಿಷಯ ಸ್ವಲ್ಪ ಬೇರೆ. ಜಾನ್ ಕಾರ್ಪೆಂಟರ್ ಹತ್ರ ಇದ್ದಿದ್ದು ಸುಮಾರು 3 ಲಕ್ಷ ಡಾಲರ್, ಅದರಲ್ಲೂ ಪ್ಯಾನಾವಿಷನ್ ವೈಡ್‌ಸ್ಕ್ರೀನ್‌ನಲ್ಲೇ ತೆಗೀಬೇಕು ಅಂತ ಹಠ ಹಿಡಿದ್ರು. ಅಗಲ ಫ್ರೇಮ್ ಅಂದ್ರೆ ಹುಡುಗಿ ಒಂದು ಮೂಲೇಲಿದ್ರೆ ಮಿಕ್ಕಿದ್ದೆಲ್ಲ ಖಾಲಿ ಜಾಗ, ಆ ಖಾಲಿ ಜಾಗದಲ್ಲಿ ಯಾರಾದ್ರೂ ಇದಾರಾ ಅಂತ ನಮ್ಮ ಕಣ್ಣು ಹುಡುಕ್ತಾನೇ ಇರತ್ತೆ. ಅಂದ್ರೆ ದುಡ್ಡನ್ನ ಎಲ್ಲಿ ಹಾಕಬೇಕು ಅಂತ ಗೊತ್ತಿರೋದೂ ಈ ಕಸುಬಿನ ಭಾಗ. ಕೊಲೆಗಾರನ ಮುಖವಾಡಕ್ಕೆ ಅಂಗಡೀಲಿ ಎರಡು ಡಾಲರ್ ಒಳಗೆ ಸಿಕ್ಕ, ಸ್ಟಾರ್ ಟ್ರೆಕ್ ಅನ್ನೋ ಟಿವಿ ಸೀರೀಸ್‌ನ ಕ್ಯಾಪ್ಟನ್ ಕರ್ಕ್ ಮಾಸ್ಕ್ ತಂದು, ಕಣ್ಣಿನ ತೂತು ದೊಡ್ಡದು ಮಾಡಿ ಬಿಳಿ ಬಣ್ಣ ಬಳಿದ್ರು, ಭಾವನೆನೇ ಇಲ್ಲದ ಒಂದು ಮುಖ ಬಂತು. ಕಥೆ ನಡೆಯೋದು ಅಕ್ಟೋಬರ್ ಕೊನೇಲಿ, ಶೂಟಿಂಗ್ ನಡೆದಿದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ, ಹಂಗಾಗಿ ಬಣ್ಣ ಬಳಿದ ಎಲೆಗಳನ್ನ ರಸ್ತೆ ಮೇಲೆ ಹರಡಿ, ಶಾಟ್ ಆದ ಮೇಲೆ ಬಾಚಿ ತುಂಬ್ಕೊಂಡು ಮುಂದಿನ ಶಾಟ್‌ಗೆ ಮತ್ತೆ ಹರಡ್ತಿದ್ರು.

ಆದ್ರೆ ಆ ಸಿನಿಮಾನ ಎತ್ತಿ ನಿಲ್ಲಿಸಿದ್ದು ಸೌಂಡು. ಮ್ಯೂಸಿಕ್ ಇಲ್ಲದ ಕಟ್ ನೋಡಿದ ಸ್ಟುಡಿಯೋದವರೊಬ್ಬರಿಗೆ ಒಂಚೂರೂ ಭಯ ಆಗಲಿಲ್ಲವಂತೆ, ಇದನ್ನ ಕಾರ್ಪೆಂಟರ್ ಅವರೇ ಹೇಳ್ಕೊಂಡಿದ್ದಾರೆ. ಕಂಪೋಸರ್‌ಗೆ ಕೊಡೋಕೆ ದುಡ್ಡಿಲ್ಲದೆ ಅವರೇ ಕೂತು ಕೆಲವೇ ದಿನಗಳಲ್ಲಿ ಮ್ಯೂಸಿಕ್ ಮಾಡಿದ್ರು. ಆ ಪಿಯಾನೋ ಥೀಮ್ ಐದರ ಎಣಿಕೆಯಲ್ಲಿದೆ. ಖಂಡಚಾಪು ತಾಳ ಹಾಕಿ ಗೊತ್ತಿರೋರಿಗೆ ಐದು ಅಪರಿಚಿತ ಅಲ್ಲ, ಆದ್ರೆ ಪಾಪ್ ಹಾಡಿನ ನಾಲ್ಕರ ಎಣಿಕೆಗೆ ಒಗ್ಗಿದ ಕಿವಿಗೆ ಅದು ಎಲ್ಲೂ ನಿಲ್ಲಲ್ಲ, ನಾಲ್ಕಕ್ಕೆ ಮುಗೀತು ಅನ್ನೋ ಹೊತ್ತಿಗೆ ಇನ್ನೊಂದು ಏಟು ಬಂದು ಮುಂದಕ್ಕೆ ತಳ್ಳತ್ತೆ, ಕೂತಲ್ಲಿ ಕೂರೋಕೆ ಬಿಡಲ್ಲ.

ಸೌಂಡ್ ಬಗ್ಗೆ ಇನ್ನೊಂದು ಮಾತು, ಇದು ನಾನು ಎಷ್ಟೋ ಸಣ್ಣ ಸಿನಿಮಾಗಳನ್ನ ನೋಡಿ ನೋಡಿ ಬಂದಿರೋ ಅಭಿಪ್ರಾಯ. ಜನ ಕೆಟ್ಟ ಪಿಕ್ಚರ್ ಕ್ಷಮಿಸ್ತಾರೆ, ಕೆಟ್ಟ ಸೌಂಡ್ ಕ್ಷಮಿಸಲ್ಲ. ಕತ್ತಲಿದೆ, ಮಸುಕಾಗಿದೆ ಅಂದ್ರೆ ಹಾರರ್‌ನಲ್ಲಿ ಅದೂ ಒಂದು ರುಚಿ. ಡೈಲಾಗ್ ಕೇಳಿಸಲ್ಲ, ಡಬ್ಬಿಂಗ್ ತುಟಿಗೆ ಕೂಡಲ್ಲ, ಬಾಗಿಲು ತೆಗೆದ್ರೂ ಮುಚ್ಚಿದ್ರೂ ಅದೇ ಲೈಬ್ರರಿ ಕಿರ್ರ್ ಸದ್ದು ಅಂದ್ರೆ ಭಯ ಅಲ್ಲೇ ಸತ್ತೋಗತ್ತೆ. ಡ್ರೋನ್ ಬಾಡಿಗೆಗೆ ಹಾಕೋ ದುಡ್ಡಲ್ಲಿ ಒಳ್ಳೆ ಮೈಕು, ಮೈಕ್ ಹಿಡಿಯೋಕೆ ಗೊತ್ತಿರೋ ಒಬ್ಬ ಮನುಷ್ಯ, ಎರಡೂ ಸಿಗತ್ತೆ.

ಇನ್ನು ಫೌಂಡ್ ಫೂಟೇಜ್. ಯಾರೋ ತಮ್ಮ ಕ್ಯಾಮೆರಾದಲ್ಲಿ ಹಿಡಿದ ಟೇಪು ಆಮೇಲೆ ಸಿಕ್ಕಿತು ಅನ್ನೋ ನೆಪದಲ್ಲಿ ಇಡೀ ಸಿನಿಮಾ ನಡೆಯತ್ತಲ್ಲ, ಅದು. ಇದನ್ನ ತುಂಬಾ ಜನ ಬೈತಾರೆ, ತಲೆ ಸುತ್ತತ್ತೆ ಅಂತಾರೆ. ಆದ್ರೆ ಬಜೆಟ್ ದೃಷ್ಟಿಯಿಂದ ಇದು ಎಂಥ ಉಪಾಯ ಅಂತ ಯೋಚನೆ ಮಾಡಿ: ಲೈಟಿಂಗ್ ಇಲ್ಲ, ಮೇಕಪ್ ಇಲ್ಲ, ಫೋಕಸ್ ತಪ್ಪತ್ತೆ, ನಟರ ಮುಖ ಯಾರಿಗೂ ಗೊತ್ತಿಲ್ಲ, ಬೇರೆ ಸಿನಿಮಾದಲ್ಲಿ ಇದೆಲ್ಲ ದೋಷ, ಇಲ್ಲಿ ಇದೆಲ್ಲ ಸಾಕ್ಷಿ. ಸ್ಟಾರ್ ಇದ್ರೆ ಅವರು ಕೊನೇವರೆಗೂ ಸಾಯಲ್ಲ ಅಂತ ನಮಗೆ ಗೊತ್ತಿರತ್ತೆ, ಗುರುತಿಲ್ಲದ ಮುಖಕ್ಕೆ ಅಂಥ ರಕ್ಷಣೆ ಇಲ್ಲ.

ಬ್ಲೇರ್ ವಿಚ್ ಪ್ರಾಜೆಕ್ಟ್‌ನ ಡೇನಿಯಲ್ ಮಿರಿಕ್ ಮತ್ತು ಎಡ್ವಾರ್ಡೊ ಸ್ಯಾಂಚೆಸ್ 1997ರ ಅಕ್ಟೋಬರ್‌ನಲ್ಲಿ ಮೇರಿಲ್ಯಾಂಡ್‌ನ ಕಾಡಲ್ಲಿ ಎಂಟು ದಿನ ಶೂಟ್ ಮಾಡಿದ್ರು. ಮೂರು ಜನ ನಟರ ಕೈಗೇ ಕ್ಯಾಮೆರಾ ಕೊಟ್ಟು, ಜಿಪಿಎಸ್ ಕೊಟ್ಟು, ಎಲ್ಲಿಗೆ ಹೋಗಬೇಕು ಅಂತ ಗುರುತು ಮಾಡಿಟ್ಟು, ಆ ದಿನದ ಸೂಚನೆಗಳನ್ನ ಚೀಟಿ ಬರೆದು ಡಬ್ಬೀಲಿ ಇಟ್ಟು ಹೋಗ್ತಿದ್ರು, ಒಬ್ಬರ ಚೀಟಿ ಇನ್ನೊಬ್ಬರು ನೋಡೋಹಾಗಿಲ್ಲ. ಮಾತೆಲ್ಲ ಹೆಚ್ಚುಕಮ್ಮಿ ಅವರೇ ಆಡಿದ್ದು. ರಾತ್ರಿ ನಿರ್ದೇಶಕರು ಬಂದು ಟೆಂಟ್ ಅಲ್ಲಾಡಿಸಿದ್ರು, ಮಕ್ಕಳ ಸದ್ದನ್ನ ಟೇಪಲ್ಲಿ ಹಾಕಿದ್ರು. ಇಡೀ ಸಿನಿಮಾದಲ್ಲಿ ಮಾಟಗಾತಿ ಒಂದ್ಸಲವೂ ಕಾಣಲ್ಲ. ಮರದಿಂದ ನೇತಾಡೋ ಕಡ್ಡಿ ಗೊಂಬೆಗಳು, ಕಲ್ಲಿನ ಗುಡ್ಡೆ, ಕತ್ತಲಲ್ಲಿ ಸದ್ದು, ಇಷ್ಟೇ.

ಪ್ಯಾರಾನಾರ್ಮಲ್ ಆಕ್ಟಿವಿಟಿ ಇದಕ್ಕೆ ಉಲ್ಟಾ, ಅಲ್ಲಿ ರಾತ್ರಿ ಸೀನ್‌ಗಳಲ್ಲಿ ಕ್ಯಾಮೆರಾ ಅಲ್ಲಾಡೋದೇ ಇಲ್ಲ. ಟ್ರೈಪಾಡ್ ಮೇಲಿಟ್ಟ ಕ್ಯಾಮೆರಾ, ಮಂಚ, ತೆರೆದ ಬಾಗಿಲು, ಮೂಲೇಲಿ ಓಡ್ತಿರೋ ಟೈಮು. ಫಾಸ್ಟ್ ಫಾರ್ವರ್ಡ್ ಆಗ್ತಿದ್ದ ಟೈಮು ಇದ್ದಕ್ಕಿದ್ದಂಗೆ ಮಾಮೂಲಿ ವೇಗಕ್ಕೆ ಬಂದ ಕೂಡ್ಲೇ ಇಡೀ ಥಿಯೇಟರ್ ಉಸಿರು ಬಿಗಿ ಹಿಡಿಯತ್ತೆ, ಯಾಕಂದ್ರೆ ಏನೋ ಆಗತ್ತೆ ಅಂತ ನಮಗೆ ಟ್ರೈನಿಂಗ್ ಕೊಟ್ಟುಬಿಟ್ಟಿರ್ತಾರೆ. ಬಾಗಿಲು ನಾಲ್ಕಿಂಚು ಅಲ್ಲಾಡಿದ್ರೆ ಸಾಕು. ಫೌಂಡ್ ಫೂಟೇಜ್‌ಗೆ ಒಂದೇ ಒಂದು ಪರೀಕ್ಷೆ ನನ್ನ ಪ್ರಕಾರ: ಇಷ್ಟೆಲ್ಲ ಆಗ್ತಿದ್ರೂ ಇವರು ಯಾಕೆ ಇನ್ನೂ ರೆಕಾರ್ಡ್ ಮಾಡ್ತಿದಾರೆ ಅನ್ನೋದಕ್ಕೆ ನಂಬೋ ಥರ ಉತ್ತರ ಇರಬೇಕು. ಬ್ಲೇರ್ ವಿಚ್‌ನಲ್ಲಿ ಆ ಮೂವರಲ್ಲಿ ಒಬ್ಬಳಾದ ಹೆದರ್ ಅನ್ನೋ ಹುಡುಗಿ ಕ್ಯಾಮೆರಾನ ಬಿಡಲ್ಲ, ಯಾಕಂದ್ರೆ ಅದರ ಮೂಲಕ ನೋಡಿದ್ರೆ ಇದೆಲ್ಲ ನಿಜ ಅಲ್ಲ ಅನ್ಸತ್ತೆ, ಹಂಗಂತ ಜೊತೇಲಿರೋ ಹುಡುಗನೇ ಹೇಳ್ತಾನೆ. ಆ ಉತ್ತರ ಇಲ್ಲದ ನೂರಾರು ಸಿನಿಮಾ ಬಂದು ಹೋಗಿವೆ.

ಈ ದಾರೀಲಿ ಅತಿ ದೂರ ಹೋಗಿದ್ದು ಸ್ಕಿನಮರಿಂಕ್ (2022). ಕೈಲ್ ಎಡ್ವರ್ಡ್ ಬಾಲ್ ಕೆನಡಾದ ಎಡ್ಮಂಟನ್‌ನಲ್ಲಿ ತಾವು ಬೆಳೆದ ಮನೇಲೇ ಇದನ್ನ ಸುಮಾರು 15 ಸಾವಿರ ಡಾಲರ್‌ನಲ್ಲಿ ತೆಗೆದ್ರು. ಅದಕ್ಕೂ ಮುಂಚೆ ಯೂಟ್ಯೂಬ್‌ನಲ್ಲಿ ಜನರ ಕೆಟ್ಟ ಕನಸುಗಳನ್ನ ಕೇಳಿ ಸಣ್ಣ ಸಣ್ಣ ವಿಡಿಯೋ ಮಾಡ್ತಿದ್ರು. ಸಿನಿಮಾದಲ್ಲಿ ಇಬ್ಬರು ಚಿಕ್ಕ ಮಕ್ಕಳು ರಾತ್ರಿ ಎದ್ದಾಗ ಅಪ್ಪ ಇಲ್ಲ, ಮನೆ ಬಾಗಿಲು ಕಿಟಕಿಗಳೇ ಇಲ್ಲ. ಮಕ್ಕಳ ಮುಖ ಕೂಡ ಸರಿಯಾಗಿ ತೋರಿಸಲ್ಲ, ಗೋಡೆ ಮೂಲೆ, ಛಾವಣಿ, ಕಾರ್ಪೆಟ್, ಟಿವಿ ಬೆಳಕು, ಕಾಳು ಕಾಳಾಗಿರೋ ಕತ್ತಲು. ಅರ್ಧ ಜನ ಇದನ್ನ ಸಿನಿಮಾನೇ ಅಲ್ಲ ಅಂತ ಎದ್ದು ಹೋಗ್ತಾರೆ, ಅವರ ಬೇಸರ ನನಗೆ ಅರ್ಥ ಆಗತ್ತೆ, ನೂರು ನಿಮಿಷ ಇದು ತುಂಬಾ ಜಾಸ್ತಿ, ಎಪ್ಪತ್ತಕ್ಕೆ ನಿಲ್ಲಿಸಬೇಕಿತ್ತು. ಆದ್ರೂ ನಾಲ್ಕು ವರ್ಷದ ಮಗುವಿಗೆ ರಾತ್ರಿ ಪಡಸಾಲೆ ಹೆಂಗೆ ಕಾಣತ್ತೆ ಅನ್ನೋದನ್ನ ಇಷ್ಟು ನಿಖರವಾಗಿ ಹಿಡಿದ ಇನ್ನೊಂದು ಸಿನಿಮಾ ನಾನು ನೋಡಿಲ್ಲ.

ಇಲ್ಲಿ ನಾನು ಒಂದು ವಿಷಯ ಗಟ್ಟಿಯಾಗಿ ಹೇಳಲೇಬೇಕು. ದುಡ್ಡಿಲ್ಲದಿರೋದನ್ನ ಹೊಗಳ್ತಾ ಹೊಗಳ್ತಾ ನಾವು ಫ್ಯಾನ್‌ಗಳು ಜನರನ್ನ ಗೋಳು ಹುಯ್ಕೊಂಡಿದ್ದನ್ನೂ ಹೊಗಳಿಬಿಡ್ತೀವಿ. ಟೆಕ್ಸಸ್ ಚೈನ್ ಸಾ ಮ್ಯಾಸಕರ್ (1974) ನನ್ನ ಪ್ರಕಾರ ಹಾರರ್‌ನ ಶಿಖರಗಳಲ್ಲಿ ಒಂದು. ಹೆಸರು ಕೇಳಿದ್ರೆ ರಕ್ತದ ಹೊಳೆ ಅನ್ಸತ್ತೆ, ನಿಜವಾಗಿ ಅದರಲ್ಲಿ ರಕ್ತ ಕಾಣೋದು ತುಂಬಾ ಕಮ್ಮಿ, ನಿರ್ದೇಶಕ ಟೋಬಿ ಹೂಪರ್ ಮಕ್ಕಳೂ ನೋಡಬಹುದಾದ ಪಿಜಿ ಸರ್ಟಿಫಿಕೇಟ್ ಸಿಗಬಹುದು ಅಂತ ಆಸೆ ಇಟ್ಕೊಂಡಿದ್ರು. ಆದ್ರೆ ಅದು ತಯಾರಾಗಿದ್ದು ಹೆಂಗೆ? 1973ರ ಟೆಕ್ಸಸ್ ಬೇಸಿಗೆ, ಕಿಟಕಿಗಳನ್ನ ಮುಚ್ಚಿದ ಮನೆ, ನಿಜವಾದ ಪ್ರಾಣಿ ಮೂಳೆ ಮಾಂಸ ಬಿಸಿಗೆ ಕೊಳೀತಾ ಇದೆ, ಲೆದರ್‌ಫೇಸ್ ಅನ್ನೋ ಕೊಲೆಗಾರನ ಪಾತ್ರ ಮಾಡಿದ್ದ ಗನ್ನಾರ್ ಹ್ಯಾನ್ಸನ್ ಹತ್ರ ಇದ್ದಿದ್ದು ಒಂದೇ ಜೊತೆ ಬಟ್ಟೆ, ಬಣ್ಣ ಹೋಗತ್ತೆ ಅಂತ ವಾರಗಟ್ಟಲೆ ಒಗೀಲೇ ಇಲ್ಲ. ಊಟದ ಸೀನನ್ನ ಒಂದು ದಿನಕ್ಕೂ ಜಾಸ್ತಿ ಹೊತ್ತು ನಿಲ್ಲಿಸದೆ ತೆಗೆದ್ರು. ಅದೇ ಸೀನಲ್ಲಿ ನಕಲಿ ರಕ್ತದ ಟ್ಯೂಬ್ ಕೈಕೊಟ್ಟಿದ್ದಕ್ಕೆ ನಾಯಕಿ ಮ್ಯಾರಿಲಿನ್ ಬರ್ನ್ಸ್ ಅವರ ಬೆರಳನ್ನ ನಿಜವಾಗಿಯೂ ಕುಯ್ದಿದ್ದು. ಆಕೆ ಮುಖದ ಮೇಲಿರೋ ಸುಸ್ತು, ಆ ಕಿರುಚಾಟ, ಅದರಲ್ಲಿ ಎಷ್ಟೋ ನಟನೆ ಅಲ್ಲ. ಸಿನಿಮಾ ಅದ್ಭುತ, ಆದ್ರೆ ಇವತ್ತು ಯಾವುದಾದ್ರೂ ಹುಡುಗರ ಟೀಮು ಇದನ್ನ ಮಾದರಿ ಮಾಡ್ಕೊಂಡು ನಟಿಗೆ ನಿದ್ದೆ ಕೊಡದೆ ದುಡಿಸಿದ್ರೆ ಅದು ಕ್ರೌರ್ಯ ಅಷ್ಟೇ. ಬ್ಲೇರ್ ವಿಚ್‌ನಲ್ಲೂ ದಿನ ಕಳೆದಂಗೆ ನಟರಿಗೆ ಊಟ ಕಮ್ಮಿ ಮಾಡ್ತಾ ಹೋದ್ರು, ಸಿನಿಮಾ ಗೆದ್ದ ಮೇಲೆ ಆ ಮೂವರು ನ್ಯಾಯವಾದ ಪಾಲಿಗಾಗಿ ದಶಕಗಳ ಕಾಲ ಕೇಳ್ತಾನೇ ಬಂದಿದ್ದಾರೆ, 2024ರಲ್ಲಿ ಮತ್ತೆ ಬಹಿರಂಗವಾಗಿ ಪತ್ರ ಬರೆದ್ರು. ಹಲಗೆಗೆ ಕ್ಯಾಮೆರಾ ಕಟ್ಟಿ ಓಡೋದು ಜಾಣತನ, ಜನರ ಹೊಟ್ಟೆ ಮೇಲೆ ಉಳಿತಾಯ ಮಾಡೋದು ಜಾಣತನ ಅಲ್ಲ.

ಈಗ ಆ 15 ಸಾವಿರದ ಲೆಕ್ಕ. ಬಜೆಟ್ ಅಂತ ಹೇಳೋದು ಶೂಟಿಂಗ್ ಮುಗಿದು ಮೊದಲ ಎಡಿಟ್ ಆಗೋವರೆಗಿನ ಖರ್ಚು. ಆಮೇಲೆ ಫೆಸ್ಟಿವಲ್‌ಗೆ ಹೋಗತ್ತೆ, ಡಿಸ್ಟ್ರಿಬ್ಯೂಟರ್ ಕೊಂಡ್ಕೊಳ್ತಾರೆ, ಅವರು ಸೌಂಡ್ ಮತ್ತೆ ಮಿಕ್ಸ್ ಮಾಡಿಸ್ತಾರೆ, ಪ್ರಿಂಟ್ ಹಾಕಿಸ್ತಾರೆ, ಪ್ರಚಾರಕ್ಕೆ ಸಿನಿಮಾದ ಖರ್ಚಿನ ಎಷ್ಟೋ ಪಟ್ಟು ಸುರೀತಾರೆ. ಬ್ಲೇರ್ ವಿಚ್ 1999ರ ಸನ್‌ಡ್ಯಾನ್ಸ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ತೋರಿಸಿದಾಗ ಆರ್ಟಿಸನ್ ಕಂಪನಿ ಸುಮಾರು 11 ಲಕ್ಷ ಡಾಲರ್ ಕೊಟ್ಟು ತಗೊಳ್ತು, ಕೊನೆಗೆ ಕಲೆಕ್ಷನ್ 24 ಕೋಟಿ ಡಾಲರ್ ದಾಟ್ತು. ಕಾಣೆಯಾಗಿದ್ದಾರೆ ಅನ್ನೋ ಪೋಸ್ಟರ್, ನಿಜ ಘಟನೆ ಅನ್ನೋ ಥರದ ವೆಬ್‌ಸೈಟು, ಇಂಟರ್ನೆಟ್ ಇನ್ನೂ ಹೊಸದಾಗಿದ್ದ ಕಾಲ, ಎಷ್ಟೋ ಜನ ನಿಜ ಅಂತಲೇ ನಂಬಿದ್ರು. ಪ್ಯಾರಾನಾರ್ಮಲ್ ಆಕ್ಟಿವಿಟಿ 2007ರಲ್ಲಿ ಫೆಸ್ಟಿವಲ್‌ಗೆ ಬಂದಿದ್ದು, ಥಿಯೇಟರ್‌ಗೆ ಬಂದಿದ್ದು 2009ರಲ್ಲಿ, ಅದೂ ಕಾಲೇಜಿರೋ ಊರುಗಳಲ್ಲಿ ಮಧ್ಯರಾತ್ರಿ ಶೋ ಹಾಕಿ, ನಿಮ್ಮೂರಿಗೆ ಬೇಕಾದ್ರೆ ಆನ್‌ಲೈನ್‌ನಲ್ಲಿ ಕೇಳಿ ಅಂತ ಜನರ ಕೈಲೇ ಕೇಳಿಸಿ, ಆಮೇಲೆ ದೇಶ ಪೂರ್ತಿ ಬಿಟ್ಟಿದ್ದು. ಅದರ ಹಿಂದೆ ಪ್ಯಾರಾಮೌಂಟ್‌ನಂಥ ದೊಡ್ಡ ಸ್ಟುಡಿಯೋ ಇತ್ತು. ಕಲೆಕ್ಷನ್ ಅನ್ನೋದು ಟಿಕೆಟ್ ದುಡ್ಡು, ಅದರಲ್ಲಿ ಥಿಯೇಟರ್‌ನವರ ದೊಡ್ಡ ಪಾಲು ಹೋಗಿ, ಡಿಸ್ಟ್ರಿಬ್ಯೂಟರ್ ಖರ್ಚು ಕಳೆದು ಮಿಕ್ಕಿದ್ದು ಕಾಗದದಲ್ಲಿ ಏನು ಬರೆದಿದೆಯೋ ಅದರ ಪ್ರಕಾರ ಸಿನಿಮಾ ಮಾಡಿದವರಿಗೆ ಬರತ್ತೆ. ಟೆಕ್ಸಸ್ ಸಿನಿಮಾದವರ ಕೈಗೆ ಗೆಲುವಿಗೆ ತಕ್ಕ ದುಡ್ಡು ಬರಲೇ ಇಲ್ಲ. ರೊಮೆರೊ ಅವರದ್ದು ಇನ್ನೂ ಹೊಟ್ಟೆ ಉರಿಸೋ ಕಥೆ: ಸಿನಿಮಾದ ಹೆಸರು ಕೊನೇಲಿ ಬದಲಾಯ್ತು, ಹೊಸ ಟೈಟಲ್ ಕಾರ್ಡ್ ಹಾಕೋವಾಗ ಡಿಸ್ಟ್ರಿಬ್ಯೂಟರ್ ಕಡೆಯವರು ಕಾಪಿರೈಟ್ ಸಾಲು ಬಿಟ್ಟುಬಿಟ್ರು, ಆಗಿನ ಅಮೆರಿಕದ ಕಾನೂನಿನ ಪ್ರಕಾರ ಆ ಸಾಲು ಇಲ್ಲದಿದ್ರೆ ಹಕ್ಕೇ ಇಲ್ಲ. ಯಾರು ಬೇಕಾದ್ರೂ ಪ್ರಿಂಟ್ ಹಾಕಿ ಮಾರಬಹುದು, ಮಾರಿದ್ರು. ಪ್ರಪಂಚ ಪೂರ್ತಿ ಆ ಸಿನಿಮಾ ಹರಡಿದ್ದಕ್ಕೂ ಅದೇ ಒಂದು ಕಾರಣ, ಮಾಡಿದವರಿಗೆ ನಷ್ಟ ಆಗಿದ್ದಕ್ಕೂ ಅದೇ ಕಾರಣ.

ಇತ್ತೀಚಿನ ದಾರಿ ಸ್ವಲ್ಪ ವಾಸಿ. ಡೇಮಿಯನ್ ಲಿಯೋನ್ ಅವರ ಟೆರಿಫೈಯರ್ 2 ಕ್ಕೆ ಫ್ಯಾನ್‌ಗಳೇ ಆನ್‌ಲೈನ್‌ನಲ್ಲಿ ದುಡ್ಡು ಹಾಕಿದ್ರು, ಸುಮಾರು ಎರಡೂವರೆ ಲಕ್ಷ ಡಾಲರ್‌ನ ಸಿನಿಮಾ 2022ರಲ್ಲಿ ಒಂದು ಕೋಟಿ ಡಾಲರ್‌ಗೂ ಮೇಲೆ ಮಾಡ್ತು. ಅಷ್ಟು ರಕ್ತಪಾತ ನನಗೆ ಹಿಡಿಸಲ್ಲ, ಆದ್ರೂ ಕಂಪ್ಯೂಟರ್ ರಕ್ತ ಬಿಟ್ಟು ರಬ್ಬರು ಬಣ್ಣದಲ್ಲಿ ಕೈಯಾರೆ ಮಾಡೋ ಅವರ ಮೇಕಪ್ ಕೆಲಸಕ್ಕೆ ಗೌರವ ಇದೆ. ಜಪಾನಿನ ಒನ್ ಕಟ್ ಆಫ್ ದ ಡೆಡ್ (2017) ಒಂದು ಆಕ್ಟಿಂಗ್ ಶಾಲೆಯ ವರ್ಕ್‌ಶಾಪ್‌ನಿಂದ ಬಂದಿದ್ದು, ಸುಮಾರು 30 ಲಕ್ಷ ಯೆನ್ ಖರ್ಚು, 300 ಕೋಟಿ ಯೆನ್‌ಗೂ ಜಾಸ್ತಿ ಗಳಿಕೆ, ಶುರುವಿನ 37 ನಿಮಿಷ ಕಟ್ಟೇ ಇಲ್ಲದ ಒಂದೇ ಶಾಟು. ಅದರ ಕಥೆ ನಾನು ಹೇಳಲ್ಲ, ಮೊದಲ 37 ನಿಮಿಷ ಎಷ್ಟೇ ಪೆದ್ದುಪೆದ್ದಾಗಿ ಅನ್ಸಿದ್ರೂ ಎದ್ದು ಹೋಗಬೇಡಿ ಅಂತ ಮಾತ್ರ ಬೇಡ್ಕೊಳ್ತೀನಿ.

ನಮ್ಮ ಕಡೆಗೆ ಬಂದ್ರೆ, ಹಿಂದೀಲಿ ರಾಮ್ಸೆ ಸಹೋದರರು 1972ರ ದೋ ಗಜ್ ಜಮೀನ್ ಕೇ ನೀಚೇ ಇಂದ ಮನೆಮಂದಿಯೆಲ್ಲ ಸೇರಿ ಒಬ್ಬರು ಕ್ಯಾಮೆರಾ, ಒಬ್ಬರು ಸೌಂಡು, ಒಬ್ಬರು ಎಡಿಟಿಂಗ್ ಅಂತ ಕಮ್ಮಿ ದುಡ್ಡಲ್ಲಿ ದೆವ್ವದ ಸಿನಿಮಾ ಮಾಡಿದ್ರು. ಕನ್ನಡದಲ್ಲಿ 2013ರ 6-5=2 ಸರಿಯಾದ ಉದಾಹರಣೆ, ಕೆ. ಎಸ್. ಅಶೋಕ ಅವರ ನಿರ್ದೇಶನ, ಟ್ರೆಕ್ಕಿಂಗ್ ಹೋದ ಆರು ಜನ ಗೆಳೆಯರು, ಕಾಡು, ಹ್ಯಾಂಡಿಕ್ಯಾಮು. ಬ್ಲೇರ್ ವಿಚ್‌ನ ನೆರಳು ಅದರ ಮೇಲಿದೆ ಅನ್ನೋದು ನಿಜ, ಆದ್ರೆ ನಮ್ಮ ಹುಡುಗರು ಟ್ರೆಕ್‌ನಲ್ಲಿ ಮಾತಾಡೋ ಥರಾನೇ ಅಲ್ಲಿ ಮಾತಾಡ್ತಾರೆ, ಅದರಿಂದಲೇ ಅದು ನಮ್ಮನ್ನ ಹಿಡಿಯತ್ತೆ. ಆಮೇಲೆ ಬಂದ ಎಷ್ಟೋ ಸಣ್ಣ ಕನ್ನಡ ದೆವ್ವದ ಸಿನಿಮಾಗಳು ನನಗೆ ಬೇಜಾರು ಮಾಡಿದ್ದು ದುಡ್ಡಿಲ್ಲದ್ದಕ್ಕಲ್ಲ. ಮಧ್ಯೆ ತುರುಕಿದ ಕಾಮಿಡಿ ಟ್ರ್ಯಾಕು, ಬೇಡದ ಹಾಡು, ಪ್ರತಿ ಎರಡು ನಿಮಿಷಕ್ಕೆ ಢಂ ಅನ್ನೋ ಬ್ಯಾಕ್‌ಗ್ರೌಂಡು, ಕೊನೇಲಿ ದೆವ್ವದ ಫ್ಲ್ಯಾಶ್‌ಬ್ಯಾಕು ಅಂತ ಇಪ್ಪತ್ತು ನಿಮಿಷದ ವಿವರಣೆ. ಇವೆಲ್ಲ ಹೆಚ್ಚಿಗೆ ಖರ್ಚು ಮಾಡಿ ಸೇರಿಸಿದ್ದು ಅನ್ನೋದೇ ಸಂಕಟ.

ನಮ್ಮಲ್ಲಿ ಸರಕಿಗೇನೂ ಕೊರತೆ ಇಲ್ಲ. ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯೋದು ನೆನಪಿರಬಹುದು. ರಾತ್ರಿ ಬಾಗಿಲು ತಟ್ಟತ್ತೆ, ಮನೆಯವರದ್ದೇ ದನಿಯಲ್ಲಿ ಕರೆಯತ್ತೆ, ಓಗೊಟ್ಟು ಬಾಗಿಲು ತೆಗೆದ್ರೆ ಮುಗೀತು. ಈ ಕಥೇಲಿ ದೆವ್ವ ಕಾಣೋದೇ ಇಲ್ಲ ನೋಡಿ, ಬೇಕಾಗಿರೋದು ಒಂದು ಬಾಗಿಲು, ಒಂದು ದನಿ, ಒಳಗೆ ಕೂತಿರೋ ಇಬ್ಬರು ಮೂವರು, ಹೊರಗಿರೋದು ನಿಜವಾಗಿ ಅಮ್ಮನೇನಾ ಅಂತ ಅವರ ನಡುವೆ ನಡೆಯೋ ಜಗಳ. ಇದೇ ಎಳೆ ಇಟ್ಕೊಂಡು 2018ರಲ್ಲಿ ಹಿಂದಿಯವರು ಸ್ತ್ರೀ ಮಾಡಿ ಗೆದ್ರು, ಅದು ಕಾಮಿಡಿ ಕಡೆ ಹೋಯ್ತು. ನಗು ಇಲ್ಲದ, ಒಂದೇ ಮನೆಯ, ಒಂದೇ ರಾತ್ರಿಯ "ನಾಳೆ ಬಾ" ಯಾರಾದ್ರೂ ಕನ್ನಡದ ಹೊಸ ಹುಡುಗರು ಹುಡುಗೀರು ತೆಗೀಬೇಕು, ಮೊದಲ ದಿನವೇ ಟಿಕೆಟ್ ತಗೊಳ್ಳೋಕೆ ನಾನು ರೆಡಿ.

ಇವನ್ನ ನೋಡದೇ ಇರೋರು ಎಲ್ಲಿಂದ ಶುರು ಮಾಡಬೇಕು ಅಂದ್ರೆ, ಹ್ಯಾಲೋವೀನ್ ಮೊದಲು, ಅದು ಎಲ್ಲರಿಗೂ ಹಿಡಿಸತ್ತೆ. ಆಮೇಲೆ ಈವಿಲ್ ಡೆಡ್, ಆಮೇಲೆ ಬ್ಲೇರ್ ವಿಚ್, ಸ್ಕಿನಮರಿಂಕ್ ಕೊನೆಗೆ. ಫೋನಲ್ಲಿ ನೋಡೋದಾದ್ರೂ ಹೆಡ್‌ಫೋನ್ ಹಾಕ್ಕೊಳ್ಳಿ, ಲೈಟ್ ಆರಿಸಿ, ಮಧ್ಯೆ ಮೆಸೇಜ್ ನೋಡಬೇಡಿ. ನೈಟ್ ಆಫ್ ದ ಲಿವಿಂಗ್ ಡೆಡ್‌ಗೆ ಹಕ್ಕುದಾರರಿಲ್ಲದ್ದರಿಂದ ಎಲ್ಲಾ ಕಡೆ ಫ್ರೀ ಸಿಗತ್ತೆ, ಆದ್ರೆ ತುಂಬಾ ಕಡೆ ಇರೋದು ಸವೆದು ಹೋದ ಪ್ರಿಂಟು, 2016ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಫಿಲ್ಮ್ ಫೌಂಡೇಶನ್ ಸೇರಿ ರೆಸ್ಟೋರ್ ಮಾಡಿಸಿದ 4ಕೆ ಕಾಪಿ ಇದೆ, ಹುಡುಕಿ ಅದನ್ನೇ ನೋಡಿ.